ಮೀನು ನೋಡೋ ಮೂಗು ಕೋಳಿಗೂ ಡಬ್ಬಿಗೂ ನಡೆಯಲ್ಲ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಸಮುದ್ರಕ್ಕೆ ಇಳಿಯೋ ಹಾಗಿಲ್ಲ ಅಲ್ವಾ, ಆ ಎರಡು ತಿಂಗಳು ನಮ್ಮ ಕಾರವಾರದ ಕಡೆ ಮೀನಿನ ಪಾತ್ರೆಗೆ ಅರ್ಧ ರಜೆ. ಸಿಕ್ಕಿದ್ರೂ ಎಲ್ಲಿಂದಲೋ ಐಸಲ್ಲಿ ಮಲಗಿ ಬಂದ ಬಂಗಡೆ, ರೇಟ್ ಕೇಳಿದ್ರೆ ಹಸಿವೇ ಹೋಗ್ತದೆ. ಆಗ ಎಲ್ರೂ ಓಡೋದು ಕೋಳಿ ಅಂಗಡಿಗೆ, ಮತ್ತೆ ಗಲ್ಫಿಂದ ಭಾವ ತಂದಿಟ್ಟ ಟ್ಯೂನಾ ಟಿನ್ನು, ಗೋವಾದಿಂದ ಬರೋವಾಗ ತಂದ ಅಣಬೆ ಡಬ್ಬಿ, ಇವೆಲ್ಲ ಕಪಾಟಿನ ಮೂಲೆಯಿಂದ ಹೊರಗೆ ಬರ್ತವೆ.

ನಾವು ಮೀನಿನ ಜನ. ಕಿವಿರು ಎತ್ತಿ ಕೆಂಪಿದ್ಯಾ ನೋಡ್ತೇವೆ, ಬೆರಳಲ್ಲಿ ಒತ್ತಿ ಮಾಂಸ ವಾಪಸ್ ಏಳ್ತದಾ ನೋಡ್ತೇವೆ, ಕೊನೆಗೆ ಮೂಗಿಗೆ ಹಿಡಿದು ತೀರ್ಪು ಕೊಡ್ತೇವೆ, ಆ ತೀರ್ಪು ನೂರಕ್ಕೆ ತೊಂಬತ್ತು ಸಲ ಸರಿನೂ ಇರ್ತದೆ. ಇದೇ ಬುದ್ಧಿ ಕೋಳಿಗೂ ಟಿನ್ನಿಗೂ ಹಾಕ್ತೇವೆ, ಅಲ್ಲೇ ಕೆಡೋದು. ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅಂತ ಎರಡು ಬ್ಯಾಕ್ಟೀರಿಯಾ ಕೋಳಿಲಿ ಮಾಮೂಲು, ಅವು ಇರೋ ಕೋಳಿ ಈಗಷ್ಟೇ ಕಡಿದ ತಾಜಾ ಕೋಳಿ ಥರಾನೇ ಇರ್ತದೆ, ವಾಸನೆ ಇಲ್ಲ, ಬಣ್ಣ ಬದಲಾಗಲ್ಲ. ಇಲ್ಲಿ ನಂಬಬೇಕಾದ್ದು ಗಡಿಯಾರ ಮತ್ತೆ ಬಿಸಿ, ಮೂಗಲ್ಲ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದು. ಅಂಕೋಲೆಯ ನಮ್ಮ ತವರಲ್ಲಿ ಒಂದ್ಸಲ ಜನ ಸೇರಿದ್ರು, ಆಯಿ ದೊಡ್ಡ ಅಲ್ಯೂಮಿನಿಯಂ ಪಾತ್ರೇಲಿ ಕೋಳಿ ಸಾರು ಮಾಡಿದ್ಳು, ಹುರಿದ ಕಾಯಿ ಮಸಾಲೆ, ಮೇಲೆ ಬೆರಳು ದಪ್ಪ ಎಣ್ಣೆ. ರಾತ್ರಿ ಊಟ ಆದ್ಮೇಲೂ ಅರ್ಧ ಪಾತ್ರೆ ಉಳೀತು, ಮುಚ್ಚಳ ಹಾಕಿ ಒಲೆ ಮೇಲೇ ಬಿಟ್ವಿ. ಬೆಳಿಗ್ಗೆ ಮುಚ್ಚಳ ತೆಗೆದ್ರೆ ಘಮಘಮ, ಮೂಗು ಪಾಸ್ ಮಾಡ್ತು, ಸ್ವಲ್ಪ ಬೆಚ್ಚಗೆ ಮಾಡಿ ದೋಸೆ ಜೊತೆ ಎಲ್ರೂ ಹೊಡೆದ್ವಿ. ಸಂಜೆ ಹೊತ್ತಿಗೆ ಆರು ಜನ ಬಾತ್‌ರೂಮಿಗೆ ಕ್ಯೂ. ಆಯಿ ಮಾತ್ರ "ದೃಷ್ಟಿ ಆಗಿದೆ" ಅಂತ ಮೆಣಸು ನಿವಾಳಿಸಿದ್ಳು. ಆಮೇಲೆ ಓದಿ ತಿಳ್ಕೊಂಡಿದ್ದು ಎಂತ ಅಂದ್ರೆ, ದೊಡ್ಡ ಪಾತ್ರೆಯ ದಪ್ಪ ಸಾರು ಒಳಗಡೆ ತಾಸುಗಟ್ಲೆ ಉಗುರುಬೆಚ್ಚಗೆ ಇರ್ತದೆ, ಮೇಲಿನ ಎಣ್ಣೆ ಕಂಬಳಿ ಹೊದಿಸಿದ ಹಾಗೆ ಶಾಖ ಬಿಡಲ್ಲ, ಗಾಳಿನೂ ಬಿಡಲ್ಲ. ಅಂಥ ಜಾಗ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾಗೆ ಸ್ವರ್ಗ. ಕುದಿಸಿದಾಗ ಹೆಚ್ಚಿನ ಬ್ಯಾಕ್ಟೀರಿಯಾ ಸಾಯ್ತವೆ, ಇದರ ಬೀಜಾಣು, ಅಂದ್ರೆ ಗಟ್ಟಿ ಕವಚದೊಳಗೆ ಮಲಗಿರೋ ರೂಪ, ಸಾಯಲ್ಲ, ಸಾರು ತಣಿಯೋವಾಗ ಎದ್ದು ಕೂತು ಸಂಸಾರ ಶುರು ಮಾಡ್ತದೆ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್, ಈ ಮಧ್ಯದ ಬಿಸಿ ಅಪಾಯದ್ದು. ಬೇಯಿಸಿದ್ದಿರಲಿ ಹಸಿದಿರಲಿ, ಕೋಳಿ ಒಟ್ಟು ಎರಡು ತಾಸಿಗಿಂತ ಹೆಚ್ಚು ಈ ಮಧ್ಯದಲ್ಲಿ ಇರಬಾರದು, ಹೊರಗಿನ ಹವೆ 32 ಡಿಗ್ರಿ ದಾಟಿದ್ರೆ ಒಂದೇ ತಾಸು. ನಮ್ಮ ಏಪ್ರಿಲ್ ಮೇ ನೆನೆಸ್ಕೊಳ್ಳಿ, ಅಡುಗೆಮನೆ ಒಳಗೇ 34 ಇರ್ತದೆ, ಅಂದ್ರೆ ಬೇಸಗೇಲಿ ನಮಗೆ ಸಿಗೋದು ಆ ಒಂದು ತಾಸೇ.

ಈಗ ಅಂಗಡಿಯಿಂದ ಶುರು ಮಾಡೋಣ. ಭಾನುವಾರ ಸಂತೆಗೆ ಹೋದವರು ಮೊದ್ಲು ಕೋಳಿ ಕಡಿಸಿ ಚೀಲಕ್ಕೆ ಹಾಕಿ, ಆಮೇಲೆ ತರಕಾರಿ, ಆಮೇಲೆ ಸಿಕ್ಕಿದವರ ಜೊತೆ ಅರ್ಧ ತಾಸು ಮಾತು, ಹೀಗೆ ಮಾಡಬೇಡಿ. ಕೋಳಿ ಕೊನೆಗೆ. ತಗೊಂಡ ಕೂಡ್ಲೇ ಸೀದಾ ಮನೆಗೆ. ಸ್ಕೂಟರ್ ಡಿಕ್ಕಿ ಒಳಗೆ ಇಡೋರು ಒಂದ್ಸಲ ಮಧ್ಯಾಹ್ನ ಅದರೊಳಗೆ ಕೈ ಹಾಕಿ ನೋಡಿ, ಒಲೆ ಮೇಲಿಟ್ಟ ಹಾಗಿರ್ತದೆ. ದೂರದವ್ರು, ಬಸ್ಸಲ್ಲಿ ಹೋಗೋರು, ಥರ್ಮಾಕೋಲ್ ಪೆಟ್ಟಿಗೇಲಿ ಐಸ್ ಹಾಕಿ ಒಯ್ಯಿರಿ, ಮೀನಿಗೆ ಹೇಗೂ ಮಾಡೋದೇ ಅಲ್ವಾ, ಆದ್ರೆ ಐಸ್ ನೇರ ಮಾಂಸಕ್ಕೆ ತಾಗದ ಹಾಗೆ ಕವರ್ ಗಂಟು ಹಾಕಿ. ತೆಳ್ಳಗಿನ ಒಂದೇ ಕವರಲ್ಲಿ ಕೊಟ್ರೆ ಇನ್ನೊಂದು ಕೇಳಿ, ನಾನು ಮನೆಯಿಂದ ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬಿ ಒಯ್ತೇನೆ, ಅಂಗಡಿಯವ "ತಂಗೀ, ಊಟ ಕಟ್ಸ್ಕೊಂಡು ಹೋಗೂಕೆ ಬಂದ್ಯಾ" ಅಂತ ನಗ್ತಾನೆ, ನಗಲಿ. ಕೋಳಿ ನೀರು ಸೊಪ್ಪಿನ ಕಟ್ಟಿಗೆ ತಾಗಿದ್ರೆ ಆ ಸೊಪ್ಪು ಬೇಯಿಸ್ದೇ ತಿನ್ನೋ ಹಾಗಿಲ್ಲ.

ತೊಳೆಯೋ ವಿಷಯಕ್ಕೆ ಬಂದ್ರೆ ನನ್ನ ಮೇಲೆ ಅರ್ಧ ಜಿಲ್ಲೆ ಜಗಳಕ್ಕೆ ಬರ್ತದೆ ಗೊತ್ತು. ಹಸಿ ಕೋಳಿ ತೊಳೆಯೋದು ಬೇಡ. ಮೀನನ್ನ ಏಳು ನೀರಲ್ಲಿ ತೊಳೆಯೋ ನಮಗೆ ಇದು ಕೇಳೂಕೇ ಅಸಹ್ಯ, ನನ್ನ ಅತ್ತೆ ಈಗ್ಲೂ ಒಪ್ಪಿಲ್ಲ. ಆದ್ರೆ ನೀರಿಗೆ ಬ್ಯಾಕ್ಟೀರಿಯಾ ಹೋಗಲ್ಲ, ಅವು ಹೋಗೋದು ಬೆಂಕಿಗೆ. ನಲ್ಲಿ ಜೋರಾಗಿ ಬಿಟ್ಟು ಕೆಳಗೆ ಕೋಳಿ ಹಿಡಿದ್ರೆ ಹನಿ ಸಿಡಿದು ಎರಡಡಿ ದೂರದ ತಟ್ಟೆ, ಲೋಟ, ಕೊತ್ತಂಬರಿ ಮೇಲೆಲ್ಲ ಕೂರ್ತದೆ, ನೀವು ನೋಡೋದೂ ಇಲ್ಲ. ಅರಿಶಿನ ಉಪ್ಪು ಹಚ್ಚಿದ್ರೆ ಹೋಗ್ತದೆ ಅನ್ನೋದು ಸುಳ್ಳು, ವಾಸನೆ ಹೋಗ್ತದೆ ಅಷ್ಟೇ. ಗರಿ ತುಂಡು, ರಕ್ತದ ಗಡ್ಡೆ, ಮೂಳೆ ಪುಡಿ ಇದ್ದೇ ಇರ್ತದೆ ಮಾರಾಯ್ರೆ ಹಾಗೇ ಹೇಗೆ ಹಾಕೋದು ಅಂದ್ರೆ, ಅದಕ್ಕೊಂದು ಒಪ್ಪಂದ: ಆಳದ ಪಾತ್ರೇಲಿ ನೀರು ತುಂಬಿ, ನಲ್ಲಿ ಬಂದ್ ಮಾಡಿ, ಕೋಳಿ ಮೆಲ್ಲ ಒಳಗೆ ಬಿಟ್ಟು ಕೈಯಾಡಿಸಿ, ತುಂಡು ಎತ್ತಿ ಬೇರೆ ಪಾತ್ರೆಗೆ ಹಾಕಿ, ನೀರು ನಿಧಾನಕ್ಕೆ ಸಿಂಕ್ ತಳಕ್ಕೆ ಸುರಿದು, ಸಿಂಕ್ ಮತ್ತೆ ಸುತ್ತಲಿನ ಕಟ್ಟೆ ಸೋಪು ಬಿಸಿನೀರಲ್ಲಿ ಉಜ್ಜಿ. ಪಕ್ಕದಲ್ಲಿ ಪಾತ್ರೆ ಒಣಗೋಕೆ ಇಟ್ಟಿದ್ರೆ ಮೊದ್ಲೇ ತೆಗೀರಿ. ಕೈ ಸೋಪಲ್ಲಿ ಇಪ್ಪತ್ತು ಸೆಕೆಂಡ್, ಬರೇ ನೀರು ಮುಟ್ಟಿಸಿ ಸೆರಗಿಗೆ ಒರೆಸ್ಕೊಳ್ಳೋದು ಲೆಕ್ಕಕ್ಕಿಲ್ಲ.

ಇನ್ನು ಮೆಟ್ಟುಗತ್ತಿ, ಅಂದ್ರೆ ಈಳಿಗೆಮಣೆ. ಇದರ ಬಗ್ಗೆ ಯಾರೂ ಹೇಳಲ್ಲ, ಹೊರಗಿನವ್ರು ಬರೆದಿದ್ರಲ್ಲಿ ಚಾಪಿಂಗ್ ಬೋರ್ಡು ಎರಡಿಡಿ ಅಂತ ಇರ್ತದೆ, ನಮ್ಮ ಮನೇಲಿ ಕೋಳಿ ದೊಡ್ಡ ತುಂಡು ಸಣ್ಣ ಮಾಡೋದು ಮೆಟ್ಟುಗತ್ತೀಲೇ, ಅದೇ ಗತ್ತಿಯ ತುದಿಯಲ್ಲಿ ಕಾಯಿ ಹೆರೆಯೋದು, ಅದರಲ್ಲೇ ಆಮೇಲೆ ಸೌತೆಕಾಯಿ. ಅಲಗು ಮಣೆಗೆ ಸಿಕ್ಕೋ ಸಂದಿ ನೋಡಿ, ಅಲ್ಲಿ ಮಾಂಸದ ಎಳೆ ಕೂತಿರ್ತದೆ, ಬಟ್ಟೇಲಿ ಒರೆಸಿದ್ರೆ ಬರಲ್ಲ. ಮೊದ್ಲು ಕಾಯಿ ಹೆರೆದು ಮುಗಿಸಿ, ಆಮೇಲೆ ಹಸಿ ತಿನ್ನೋ ತರಕಾರಿ, ಕೊನೆಗೆ ಕೋಳಿ. ಆದ್ಮೇಲೆ ಹಳೇ ಟೂತ್‌ಬ್ರಷ್ಷಲ್ಲಿ ಸೋಪು ಹಾಕಿ ಆ ಸಂದಿ ಉಜ್ಜಿ ಮೇಲಿಂದ ಕುದಿಯೋ ನೀರು ಹೊಯ್ದು ಬಿಸಿಲಿಗೆ ಇಡಿ, ಮಳೆಗಾಲ ಆದ್ರೆ ಒಲೆ ಪಕ್ಕ ಒಣಗಿಸಿ. ಕೈ ಒರೆಸೋ ಬಟ್ಟೆ ಅವತ್ತೇ ಒಗೆಯೋಕೆ ಹಾಕಿ.

ಮಸಾಲೆ ಹಚ್ಚಿ ನೆನೆಸೋದು ಫ್ರಿಜ್ ಒಳಗೆ. ಲಿಂಬೆಹುಳಿ, ಮುರುಗಲು, ಮೊಸರು ಏನೇ ಹಾಕಿದ್ರೂ ಹುಳಿಗೆ ಕೋಳಿ ಬೇಯಲ್ಲ, ಬಣ್ಣ ಬಿಳಿಚಿ ಬೆಂದ ಹಾಗೆ ಕಾಣ್ತದೆ ಅಷ್ಟೇ. ಹಸಿ ಕೋಳಿ ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಹಲಗೇಲಿ, ಮುಚ್ಚಿದ ಡಬ್ಬೀಲಿ. ಮೇಲಿಟ್ರೆ ರಸ ಕೆಳಗಿನ ಮೊಸರಿಗೆ ತೊಟ್ಟಿಕ್ತದೆ. ಫ್ರಿಜ್ 4 ಡಿಗ್ರಿ ಒಳಗಿರಬೇಕು, ಬಾಗಿಲಲ್ಲಿರೋ ಖಾನೆ ಅಷ್ಟು ತಣ್ಣಗಿರಲ್ಲ, ಅಲ್ಲಿ ಕೋಳಿ ಇಡಬೇಡಿ. ಹಸಿ ಕೋಳಿ ಒಂದೆರಡು ದಿನ, ಬೇಯಿಸಿದ್ದು ಮೂರ್ನಾಲ್ಕು ದಿನ. ಅದಕ್ಕೂ ಹೆಚ್ಚು ಬೇಕಾದ್ರೆ ಫ್ರೀಜರ್.

ಫ್ರೀಜರಿಗೆ ಇಡೋವಾಗ ಎರಡು ಕೇಜಿ ಒಂದೇ ಮುದ್ದೆ ಮಾಡಿ ತುರುಕಬೇಡಿ, ಒಂದೊಂದು ಅಡುಗೆಗೆ ಬೇಕಾದಷ್ಟು ಚಪ್ಪಟೆ ಪ್ಯಾಕೆಟ್ ಮಾಡಿ, ಗಾಳಿ ಒತ್ತಿ ತೆಗೆದು, ತಾರೀಕು ಬರೀರಿ. ಮೈನಸ್ 18ರಲ್ಲಿ ತುಂಡು ಒಂಬತ್ತು ತಿಂಗಳವರೆಗೂ ರುಚಿಯಾಗೇ ಇರ್ತದೆ ಅಂತಾರೆ, ಆದ್ರೆ ನಮ್ಮ ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗೋದು ಕಷ್ಟ, ನಾನಂತೂ ಒಂದು ವಾರಕ್ಕಿಂತ ಹೆಚ್ಚು ಇಡಲ್ಲ. ಕರಗಿಸೋದು ಹಿಂದಿನ ರಾತ್ರಿ ಕೆಳಗಿನ ಖಾನೆಗೆ ಇಳಿಸಿ. ತಣ್ಣೀರಲ್ಲಿ ಕವರ್ ಸಮೇತ ಮುಳುಗಿಸಿ ಅರ್ಧ ತಾಸಿಗೊಮ್ಮೆ ನೀರು ಬದಲಿಸೋದೂ ಒಂದು ದಾರಿ, ಆದ್ರೆ ನೀರು ನಿಜವಾಗ್ಲೂ ತಣ್ಣಗಿರಬೇಕು, ಮೇ ತಿಂಗಳಲ್ಲಿ ಟೆರೇಸ್ ಟಾಂಕಿಯಿಂದ ಬರೋ ನೀರು ಸ್ನಾನಕ್ಕೆ ಆಗೋವಷ್ಟು ಬಿಸಿ ಇರ್ತದೆ, ಐಸ್ ತುಂಡು ಹಾಕ್ಕೊಳ್ಳಿ. ಕಟ್ಟೆ ಮೇಲೆ ತಟ್ಟೇಲಿಟ್ಟು ಸಂಜೆವರೆಗೆ ಮರೆಯೋದು ಮಾತ್ರ ಬೇಡ, ಒಳಗೆ ಕಲ್ಲು ಇದ್ದಾಗ್ಲೇ ಹೊರಗಿನ ಪದರ ಬೆಚ್ಚಗಾಗಿ ಹೋಗಿರ್ತದೆ. ಮೈಕ್ರೋವೇವಲ್ಲಿ ಕರಗಿಸಿದ್ರೆ ಆ ಕ್ಷಣಾನೇ ಒಲೆಗೆ.

ಬೇಯೋದು 74 ಡಿಗ್ರಿ, ತುಂಡಿನ ಎಲ್ಲಕ್ಕಿಂತ ದಪ್ಪ ಜಾಗದ ಒಳಗೆ. ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗ್ತದೆ, ನಾನು ತಂದ ದಿನ ಮನೇಲಿ ಎಲ್ರೂ "ಕೋಳಿಗೆ ಜ್ವರ ನೋಡ್ತಾಳೆ" ಅಂತ ಗೇಲಿ ಮಾಡಿದ್ರು. ಸೂಜಿ ಮೂಳೆಗೆ ತಾಗಿದ್ರೆ ತಪ್ಪು ತೋರಿಸ್ತದೆ, ಮಾಂಸದ ಮಧ್ಯಕ್ಕೆ ಚುಚ್ಚಿ. ಇಲ್ಲದವರು ಕಾಲಿನ ಸಂದಿಯಲ್ಲಿ ಚುಚ್ಚಿ ನೋಡಿ, ಬರೋ ನೀರು ತಿಳಿ ಇರಬೇಕು, ಮಾಂಸ ಮೂಳೆ ಬಿಟ್ಟು ಬರಬೇಕು, ಆದ್ರೆ ಬಣ್ಣವೊಂದನ್ನೇ ನಂಬಬೇಡಿ. ಎಳೇ ಬ್ರಾಯ್ಲರ್, ಅದೂ ಫ್ರೀಜರಲ್ಲಿ ಇಟ್ಟಿದ್ದು, ಸರಿಯಾಗಿ ಬೆಂದ್ರೂ ಮೂಳೆ ಹತ್ರ ಕೆಂಪು ಕಪ್ಪು ಕಾಣ್ತದೆ, ಅದು ಮಜ್ಜೆಯ ಬಣ್ಣ. ಸಾರು ಪಲ್ಯಕ್ಕೆ ಹೆದರಬೇಕಿಲ್ಲ, ಅರ್ಧ ತಾಸು ಮುಚ್ಚಿ ಕುದಿಸಿದ್ರೆ ಬ್ರಾಯ್ಲರ್ ಮುಗೀತು, ನಾಟಿಕೋಳಿ ತಾನಾಗೇ ತಾಸುಗಟ್ಲೆ ಬೇಡ್ತದೆ. ಮೋಸ ಮಾಡೋದು ಕಬಾಬು. ಎಣ್ಣೆ ಹೊಗೆ ಬರೋವಷ್ಟು ಕಾಯಿಸಿ ಇಡೀ ಕಾಲು ಬಿಟ್ರೆ ಎರಡೇ ನಿಮಿಷದಲ್ಲಿ ಹೊರಗೆ ಕೆಂಪು ಗರಿಗರಿ, ಒಳಗೆ ಹಸಿ. ಆಳಕ್ಕೆ ಗೀರು ಹಾಕಿ, ಮಧ್ಯಮ ಉರಿ, ಒಂದ್ಸಲಕ್ಕೆ ನಾಲ್ಕೈದೇ ತುಂಡು. ಹಸಿ ಕೋಳಿ ಇದ್ದ ತಟ್ಟೆಗೇ ಕರಿದಿದ್ದು ಹಾಕೋದು, ಹಸಿದಕ್ಕೆ ಬಳಸಿದ ಮಸಾಲೆ ನೀರನ್ನೇ ಮೇಲೆ ಚಿಮುಕಿಸೋದು, ಎರಡೂ ಬಿಡಿ.

ಉಳಿದಿದ್ದು ಇಡೋದು ಹೇಗೆ? ಮೊದ್ಲು ನನ್ನ ತವರಿನ ಪಾತ್ರೆ ನೆನಪು ಮಾಡ್ಕೊಳ್ಳಿ. ದೊಡ್ಡ ಪಾತ್ರೆ ಹಾಗೇ ಫ್ರಿಜ್ಜಿಗೆ ತಳ್ಳಿದ್ರೆ ನಡುವಿನ ಸಾರು ಮಧ್ಯರಾತ್ರಿವರೆಗೂ ಬೆಚ್ಚಗೇ ಇರ್ತದೆ, ಫ್ರಿಜ್ಜನ್ನೂ ಬೆಚ್ಚಗೆ ಮಾಡ್ತದೆ. ಅಗಲದ, ಎರಡು ಬೆರಳು ಆಳದ ಡಬ್ಬಿಗಳಿಗೆ ಹಂಚಿ, ಅಥವಾ ಪಾತ್ರೆಯನ್ನ ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ ಸೌಟಲ್ಲಿ ತಿರುಗಿಸ್ತಾ ಇರಿ, ಹಬೆ ನಿಂತ ಕೂಡ್ಲೇ ಒಳಗಿಡಿ. ಪೂರ್ತಿ ತಣಿಯೋವರೆಗೆ ಕಾಯ್ಬೇಕು ಅನ್ನೋದು ಹಳೇ ಕಾಲದ ಮಾತು.

"ಮೀನು ಸಾರು ಮಾರನೇ ದಿನಕ್ಕೇ ರುಚಿ, ಅಜ್ಜಿ ಮಣ್ಣಿನ ಗಡಿಗೇಲಿ ಬೆಳಿಗ್ಗೆ ಸಂಜೆ ಕುದಿಸಿ ಎರಡು ದಿನ ಇಡ್ತಿದ್ರು, ಏನಾಯ್ತು?" ಇದನ್ನ ಎಲ್ರೂ ಕೇಳ್ತಾರೆ. ಆ ಸಾರಲ್ಲಿ ಹುಳಿ ಎಷ್ಟು, ಉಪ್ಪು ಎಷ್ಟು, ಎರಡು ಹೊತ್ತು ಚೆನ್ನಾಗಿ ಕುದಿಸ್ತಿದ್ರು ಬೇರೆ. ಕಾಯಿಹಾಲು ಹಾಕಿದ ಕೋಳಿ ಸಾರಿಗೆ ಆ ಹುಳಿ ಇಲ್ಲ. ಮತ್ತೊಂದು, ಕುದಿಸಿದ್ರೆ ಎಲ್ಲಾ ಸರಿ ಆಗ್ತದೆ ಅನ್ನೋದೂ ಅರ್ಧ ನಿಜ. ಸ್ಟೆಫೈಲೊಕಾಕಸ್ ಅಂತೊಂದು ನಮ್ಮ ಕೈ, ಮೂಗಿಂದಲೇ ಬರ್ತದೆ, ಅದು ಬಿಟ್ಟ ವಿಷ ಕುದಿಸಿದ್ರೂ ಹೋಗಲ್ಲ. ಕೆಟ್ಟ ಮೇಲೆ ಕುದಿಸಿ ರಿಪೇರಿ ಮಾಡೋಕಾಗಲ್ಲ. ಸರಿಯಾಗಿ ಫ್ರಿಜ್ಜಲ್ಲಿಟ್ಟಿದ್ದನ್ನ ಬಿಸಿ ಮಾಡೋವಾಗ ಬೇಕಾದಷ್ಟೇ ತೆಗೆದು ಗುಳ್ಳೆ ಬಂದು ತಳಮಳ ಕುದಿಯೋವರೆಗೆ ಕಾಯಿಸಿ, ಒಂದೇ ಸಲ. ಬೆಚ್ಚಗೆ ಮಾಡೋದು ಅಲ್ಲ.

ಮಳೆಗಾಲದ ಕರೆಂಟು ಬೇರೆ. ಜುಲೈಲಿ ಗಾಳಿ ಬಂದು ಮರ ಬಿದ್ರೆ ಒಂದಿನ ಕರೆಂಟ್ ಇಲ್ಲ, ಶಿರಸಿ ಘಟ್ಟದ ಮೇಲಿನ ಹಳ್ಳಿ ಕಡೆಯವರಿಗೆ ಎರಡು ದಿನವೂ ಮಾಮೂಲು. ಬಾಗಿಲು ತೆಗೀದೇ ಇದ್ರೆ ಫ್ರಿಜ್ ನಾಲ್ಕು ತಾಸು ತಡೀತದೆ, ಒಳ್ಳೇ ಫ್ರೀಜರ್ ತುಂಬ ತುಂಬಿದ್ರೆ 48 ತಾಸು, ಅರ್ಧ ತುಂಬಿದ್ರೆ 24. ಒಂದು ಉಪಾಯ ಹೇಳ್ತೇನೆ: ಬಟ್ಟಲಲ್ಲಿ ನೀರು ಐಸ್ ಮಾಡಿ ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಫ್ರೀಜರಲ್ಲೇ ಬಿಡಿ. ಊರಿಗೆ ಹೋಗಿ ವಾಪಸ್ ಬಂದಾಗ ನಾಣ್ಯ ಮೇಲೇ ಇದ್ರೆ ಸರಿ, ತಳದಲ್ಲಿ ಹೆಪ್ಪುಗಟ್ಟಿ ಕೂತಿದ್ರೆ ನೀವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ, ಕೋಳಿ ಹೊರಗೆ ಹಾಕಿ.

ಈಗ ಟಿನ್ನು. ಇದಕ್ಕೆ ಕರಾವಳಿ ಮನೆಗಳಲ್ಲಿ ಶತ್ರು ಅಂದ್ರೆ ಉಪ್ಪುಗಾಳಿ. ಬೆಂಗಳೂರಲ್ಲಿ ಹೊಳೀತಾ ಇರೋ ಡಬ್ಬಿ ಇಲ್ಲಿ ಒಂದು ಮಳೆಗಾಲದಲ್ಲಿ ಅಂಚಿಗೆ ಕಂದು ಬಣ್ಣ ತಿರುಗ್ತದೆ. ಬೆರಳಲ್ಲಿ ಒರೆಸಿದ್ರೆ ಹೋಗೋ ತುಕ್ಕು ಪರವಾಗಿಲ್ಲ, ಉಗುರಿಗೆ ಗುಳಿ ಸಿಗೋ ಹಾಗೆ ತಿಂದಿದ್ರೆ ಬಿಸಾಕಿ, ಅಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ಒಲೆ ಮೇಲಿನ ಕಪಾಟು, ಸಿಂಕ್ ಕೆಳಗೆ, ಎರಡೂ ಕಡೆ ಇಡಬೇಡಿ. ತಣ್ಣಗಿನ ಒಣ ಜಾಗ, ನೆಲದಿಂದ ಮೇಲೆ, ಹಳೇದು ಮುಂದೆ ಹೊಸದು ಹಿಂದೆ. ಕೊಳ್ಳೋವಾಗ ತಾರೀಕು ನೋಡಿ, ಇಲ್ಲಿ ಮಾರೋ ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡೋ ಸರ್ಕಾರಿ ಸಂಸ್ಥೆ) ಲೈಸೆನ್ಸಿನ 14 ಅಂಕಿ ಇದ್ಯಾ ನೋಡಿ. ನಗ್ಗಿದ ಡಬ್ಬಿ ಅರ್ಧ ರೇಟಿಗೆ ಕೊಡ್ತಾರೆ, ಹೊಟ್ಟೆ ಮೇಲೆ ಸಣ್ಣ ನಗ್ಗು ಆದ್ರೆ ತೊಂದರೆ ಇಲ್ಲ, ಮೇಲಿನ ಕೆಳಗಿನ ಅಂಚು ಅಥವಾ ಪಕ್ಕದ ಹೊಲಿಗೆ ಮೇಲೆ ನಗ್ಗಿದ್ರೆ, ಬೆರಳು ಹೋಗೋವಷ್ಟು ಆಳ ಇದ್ರೆ, ಬೇಡ.

ಉಬ್ಬಿದ ಡಬ್ಬಿ ಮಾತ್ರ ಆಟ ಅಲ್ಲ. ಎರಡು ವರ್ಷದ ಹಿಂದೆ ನಮ್ಮನೇಲಿ ಅಣಬೆ ಡಬ್ಬಿ ಒಂದರ ಮುಚ್ಚಳ ಮೇಲೆ ಬಂದಿತ್ತು, ಒತ್ತಿದ್ರೆ ಟಕ್ ಅಂತ ಒಳಗೆ ಹೋಗೋದು, ಬಿಟ್ರೆ ಟಕ್ ಅಂತ ಹೊರಗೆ. ಮಗ ಆಟಿಕೆ ಥರ ಒತ್ತುತಾ ಕೂತಿದ್ದ. ಯಜಮಾನರು "ತೆಗೆದು ಮೂಸಿ ನೋಡೋಣ" ಅಂದ್ರು, ನಾನು ಕೈಯಿಂದ ಕಸ್ಕೊಂಡೆ. ಒಳಗೆ ಗ್ಯಾಸ್ ತುಂಬಿದೆ ಅಂದ್ರೆ ಏನೋ ಬೆಳೆದಿದೆ ಅಂತ, ಅದು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಅನ್ನೋ ವಿಷ ಬಿಡೋ ಬ್ಯಾಕ್ಟೀರಿಯಾ ಆಗಿದ್ರೆ ಜೀವಕ್ಕೆ ಅಪಾಯ ಆಗೋಕೆ ರುಚಿ ನೋಡಿದ ಒಂದು ಚೂರೇ ಸಾಕು. ಗಾಳಿ ಇಲ್ಲದ ಜಾಗ, ಹುಳಿ ಕಡಿಮೆ ಇರೋ ಪದಾರ್ಥ, ಅಂದ್ರೆ ಪಿಎಚ್ 4.6ಕ್ಕಿಂತ ಮೇಲೆ, ಅದಕ್ಕೆ ಬೇಕಾದ್ದು ಅಷ್ಟೇ. ಅಣಬೆ, ಮೀನು, ಮಾಂಸ, ಬೀನ್ಸ್, ಜೋಳ ಎಲ್ಲ ಈ ಸಾಲಿಗೆ. ಅದರ ಬೀಜಾಣು 100 ಡಿಗ್ರಿ ಕುದಿತಕ್ಕೆ ಜಗ್ಗಲ್ಲ, ಅದಕ್ಕೇ ಫ್ಯಾಕ್ಟರೀಲಿ ಡಬ್ಬಿ ಮುಚ್ಚಿದ ಮೇಲೆ ಒತ್ತಡದಲ್ಲಿ 121 ಡಿಗ್ರಿ ಆಸುಪಾಸಿಗೆ ಕಾಯಿಸೋದು. ಇದರ ವಿಷಕ್ಕೆ ವಾಸನೆ ಬರಲೇಬೇಕು ಅಂತಿಲ್ಲ, ಡಬ್ಬಿ ಉಬ್ಬಲೇಬೇಕು ಅಂತಲೂ ಇಲ್ಲ. ಸೋರಿದ್ದು, ತೆಗೆಯೋವಾಗ ನೀರು ಚಿಮ್ಮಿದ್ದು, ನೊರೆ ಬಂದಿದ್ದು, ಎಲ್ಲಾ ಹೊರಗೆ. ಎರಡು ಕವರ್ ಹಾಕಿ ಗಂಟು ಕಟ್ಟಿ, ನಾಯಿ ದನ ಬಾಯಿ ಹಾಕದ ಹಾಗೆ ಕಸಕ್ಕೆ ಕೊಡಿ, ಕೈ ತೊಳೀರಿ. ಅಂಥದ್ದೇನಾದ್ರೂ ತಿಂದವರಿಗೆ ಸಾಮಾನ್ಯವಾಗಿ ಹನ್ನೆರಡರಿಂದ ಮೂವತ್ತಾರು ತಾಸಲ್ಲಿ ಕಣ್ಣು ಮಂಜಾಗೋದು, ಒಂದು ಎರಡಾಗಿ ಕಾಣೋದು, ರೆಪ್ಪೆ ಜೋತು ಬೀಳೋದು, ಮಾತು ತೊದಲೋದು, ನುಂಗೋಕೆ ಆಗದೇ ಇರೋದು ಶುರುವಾದ್ರೆ ಮನೆಮದ್ದು ಬೇಡ, 108ಕ್ಕೆ ಫೋನ್ ಮಾಡಿ, ತಿಂದಿದ್ದು ಎಂತ ಅಂತ ಡಾಕ್ಟರಿಗೆ ಹೇಳಿ.

ಇದೇ ಕಾರಣಕ್ಕೆ ಮನೇಲಿ ಕುಕ್ಕರಲ್ಲಿ ಗಾಜಿನ ಬಾಟ್ಲಿ ಇಟ್ಟು ಕೋಳಿ, ಮೀನು, ಅಣಬೆ ಡಬ್ಬಿ ಕಟ್ಟೋ ಸಾಹಸ ಬೇಡ. ವಿಡಿಯೋದಲ್ಲಿ ತೋರಿಸ್ತಾರೆ, ಆದ್ರೆ ನಮ್ಮ ಸೀಟಿ ಕುಕ್ಕರ್ ಅದಕ್ಕಂತ ಮಾಡಿದ್ದಲ್ಲ, ಬಾಟ್ಲಿಯ ನಡುವಿಗೆ ಎಷ್ಟು ಬಿಸಿ ಮುಟ್ಟಿತು ಅಂತ ಗೊತ್ತಾಗೋ ದಾರಿನೇ ಇಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ಲೆಕ್ಕ, ಅದರಲ್ಲಿ ಉಪ್ಪು ಹುಳಿ ಎರಡೂ ಸುರಿದಿರ್ತದೆ. ಚಿಕನ್ ಉಪ್ಪಿನಕಾಯಿ ಅಂತ ಮನೇಲಿ ಮಾಡಿ ಮಾರ್ತಾರಲ್ಲ, ಮೇಲೆ ಎಣ್ಣೆ ನಿಂತಿದೆ ಅಂತ ಕಪಾಟಲ್ಲಿ ಇಡಬೇಡಿ, ಎಣ್ಣೆ ಗಾಳಿ ತಡೆಯೋದೇ ಇಲ್ಲಿ ತೊಂದರೆ. ಫ್ರಿಜ್ಜಿಗೆ ಹಾಕಿ, ಬೇಗ ಖಾಲಿ ಮಾಡಿ. ಹಸಿ ಬೆಳ್ಳುಳ್ಳಿ ಎಣ್ಣೇಲಿ ಹಾಕಿಡೋದಕ್ಕೂ ಇದೇ ಮಾತು.

ಚೆನ್ನಾಗಿರೋ ಡಬ್ಬಿ ತೆಗೆಯೋ ಮೊದ್ಲು ಮೇಲ್ಭಾಗ ತೊಳೆದು ಒರೆಸಿ, ಗೋದಾಮಿನ ಇಲಿ ಜಿರಲೆ ಎಲ್ಲಾ ಅದರ ಮೇಲೇ ಓಡಾಡಿರ್ತವೆ. ಓಪನರ್ ಚಕ್ರಕ್ಕೆ ಹಿಂದಿನ ಸಲದ ಮೀನು ಅಂಟಿದ್ಯಾ ನೋಡಿ. ಉಳಿದಿದ್ದನ್ನ ಟಿನ್ನಲ್ಲೇ ಬಿಡದೆ ಗಾಜು ಅಥವಾ ಸ್ಟೀಲ್ ಡಬ್ಬಿಗೆ ಸುರಿದು ಫ್ರಿಜ್ಜಲ್ಲಿಡಿ. ಟ್ಯೂನಾ, ಅಣಬೆ, ಕಾಯಿಹಾಲು ಮೂರ್ನಾಲ್ಕು ದಿನ, ಅನಾನಸ್ ಟೊಮೆಟೋ ಥರದ ಹುಳಿ ಪದಾರ್ಥ ಐದರಿಂದ ಏಳು ದಿನ. ಹುಳಿ ಪದಾರ್ಥ ತೆಗೆದ ಟಿನ್ನಲ್ಲೇ ಇದ್ರೆ ಲೋಹದ ರುಚಿ ಹಿಡೀತದೆ. ಬನವಾಸಿ ಕಡೆ ರಾಶಿ ಅನಾನಸ್ ಬೆಳೆಯೋವಾಗ ನಾವು ಡಬ್ಬಿದು ಎಂತಕ್ಕೆ ತರ್ತೇವೆ ಅಂತ ಕೇಳಬೇಡಿ, ಮಗನಿಗೆ ಆ ಉಂಗುರದ ಹಾಗೆ ಕಡಿದಿದ್ದೇ ಬೇಕು. ಎರಡು ಉಂಗುರ ತಿಂತಾನೆ, ಉಳಿದಿದ್ದು ಮಾರನೇ ದಿನ ಶಿರಾಕ್ಕೆ.